ಗುಂಜಿಯ ಡಬ್ಬಿಯ ಮೇಲಿನ ತಾರೀಖು

ನಿವೃತ್ತಿಯಾದ ಹೆಂಗಸು ಹೊತ್ತು ಹೇಗೆ ಕಳೆಯಬೇಕು ಎಂಬುದರ ಬಗ್ಗೆ ಟಿಳಕವಾಡಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ಒಬ್ಬರು ಭಜನೆಗೆ ಕರೆದರು, ಇನ್ನೊಬ್ಬರು ಯೋಗಕ್ಕೆ ಕರೆದರು. ನಾನು ಹಳೆಯ ಗೂಡ್ಸ್ ರೈಲಿನ ಡಬ್ಬಿಗಳ ಹಿಂದೆ ಬಿದ್ದೆ. ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ, ಬಂದವರ ಮುಂದೆಲ್ಲ ಹೇಳುತ್ತಾಳೆ: "ಮಂದಿ ರಿಟೈರ್ ಆದಮ್ಯಾಲೆ ಕಾಶಿಗೆ ಹೋಗ್ತಾರ್ರಿ. ನಮ್ಮಾಕಿ ಗುಜರಿಗೆ ಹೋಗ್ತಾಳ."

ಅವಳು ಹೇಳುವುದು ಸುಳ್ಳಲ್ಲ. ಶುರುವಾದದ್ದೇ ಆಟೋ ನಗರದ ಒಂದು ಗ್ಯಾರೇಜಿನಲ್ಲಿ. ಸ್ಕೂಟರಿನ ಬ್ರೇಕ್ ಸರಿಮಾಡಿಸಲು ಹೋಗಿದ್ದೆ. ಮೇಸ್ತ್ರಿ ತನ್ನ ಪಾನಾ, ಎಂದರೆ ಸ್ಪ್ಯಾನರುಗಳನ್ನೆಲ್ಲ ಹರಡಿಕೊಂಡಿದ್ದ ಕಬ್ಬಿಣದ ಹಲಗೆಯ ಮೇಲೆ, ಗ್ರೀಸಿನ ಕೆಳಗೆ, ಬಿಳಿ ಅಂಕಿಗಳು ಕಂಡವು. ಒಂದು ಮೂರು, ಒಂದು ಎಂಟು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು ನಾನು. ಸಾವಿರಾರು ಮಕ್ಕಳಿಗೆ ಅಕ್ಷರ ಬರೆಯುವುದನ್ನು ಕಲಿಸಿದ್ದೇನೆ. ಅಂಥ ಎಂಟನ್ನು ನನ್ನ ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಅದು ಹಳೆಯ ಗೂಡ್ಸ್ ಡಬ್ಬಿಯ ಬಾಗಿಲು ಎಂದು ಮೇಸ್ತ್ರಿ ಹೇಳಿದ. ಪಾನಾಗಳನ್ನು ಒತ್ತಟ್ಟಿಗೆ ಸರಿಸಿ ಅದನ್ನು ಕಾಗದದ ಮೇಲೆ ತಿದ್ದಿಕೊಳ್ಳುತ್ತ ಒಂದು ತಾಸು ಕುಳಿತೆ. ಆತ ಪಾಪ, ನೆಲದ ಮೇಲಿಂದಲೇ ಪಾನಾ ಹೆಕ್ಕಿಕೊಳ್ಳುತ್ತ ಕೆಲಸ ಮಾಡಿದ.

ಅಲ್ಲಿಂದ ನನ್ನ ಹುಚ್ಚು ಏರಿತು. ಡಬ್ಬಿಯ ಮೈಮೇಲೆ ಬರೆದಿರುವುದೆಲ್ಲ ಅದರ ಜಾತಕ ಇದ್ದಂತೆ. ಅದು ಯಾವ ರೈಲ್ವೆಗೆ ಸೇರಿದ್ದು, ಅದರ ನಂಬರು, ಖಾಲಿ ಇದ್ದಾಗ ಎಷ್ಟು ತೂಕ, ಎಷ್ಟು ಮಾಲು ತುಂಬಬಹುದು. ಕೆಳಗೆ ಮೂಲೆಯಲ್ಲಿ ಒಂದು ತಾರೀಖು. ಹಳೆಯ ಡಬ್ಬಿಗಳಲ್ಲಿ ಗಾಲಿಯ ಅಚ್ಚಿನ ತುದಿಗೆ ಒಂದು ಪೆಟ್ಟಿಗೆ ಇರುತ್ತಿತ್ತು. ಎಣ್ಣೆಯಲ್ಲಿ ನೆನೆಸಿದ ದಾರದ ಉಂಡೆಯನ್ನು ಅದರೊಳಗೆ ತುಂಬಬೇಕು. ತುಂಬಿದ ದಿನವನ್ನು ಮೂಲೆಯಲ್ಲಿ ಬರೆಯಬೇಕು. ಎಣ್ಣೆ ಒಣಗಿದರೆ ಅಚ್ಚು ಕಾದು ಬೆಂಕಿ ಹತ್ತುತ್ತದೆ. ಆದ್ದರಿಂದ ಇಡೀ ಡಬ್ಬಿಯ ಮೇಲೆ ಎಲ್ಲಕ್ಕಿಂತ ಸಣ್ಣದಾಗಿ ಬರೆದ ಈ ತಾರೀಖೇ ಎಲ್ಲಕ್ಕಿಂತ ದೊಡ್ಡ ಮಾತು. ಇದನ್ನೆಲ್ಲ ನನಗೆ ಕಲಿಸಿದವರು ಖಾನಾಪುರದ ಪೇಂಟರ್ ಕಾಕಾ.

ಎಂಬತ್ತು ದಾಟಿದ ಮನುಷ್ಯ. ಮೀಟರ್‌ಗೇಜ್ ಕಾಲದಲ್ಲಿ ಒಂದು ಯಾರ್ಡಿನ ರಿಪೇರಿ ಲೈನಿನಲ್ಲಿ ಡಬ್ಬಿಗಳ ಮೇಲೆ ಅಕ್ಷರ ಬರೆಯುವುದೇ ಅವರ ನೌಕರಿಯಾಗಿತ್ತು. ಆಟೋ ನಗರದ ಮೇಸ್ತ್ರಿಯೇ ವಿಳಾಸ ಕೊಟ್ಟಿದ್ದ. ಮೊದಲ ದಿನ ನನ್ನ ನೋಟ್‌ಬುಕ್ಕಿನ ಎಂಟನ್ನು ನೋಡಿ ಕಾಕಾ ಮುಖ ಸಿಂಡರಿಸಿದರು.

"ಬಾಯಾರ, ಇದು ಎಂಟಲ್ಲರೀ. ಹೊಟ್ಟಿ ನೋವು ಬಂದ ಮನಷ್ಯಾನಂಗ ಐತಿ."

ಮೂವತ್ತು ವರ್ಷದ ಡ್ರಾಯಿಂಗ್ ಟೀಚರಿಗೆ ಹೇಳುವ ಮಾತೇ? ಸಿಟ್ಟು ಬಂತು. ಆದರೆ ಅವರು ಪೆನ್ಸಿಲ್ ಇಸಿದುಕೊಂಡು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಒಂದೇ ಉಸಿರಿಗೆ ಎಂಟು ಬರೆದರು. ನನ್ನ ಸಿಟ್ಟು ಅಲ್ಲೇ ಇಳಿಯಿತು. ತಗಡಿನ ಅಚ್ಚು ಇಟ್ಟು ಬಣ್ಣ ಬಳಿಯುವವರೆಂದರೆ ಅವರಿಗೆ ಅಷ್ಟಕ್ಕಷ್ಟೆ. "ಅಚ್ಚಿಟ್ಟು ಯಾರರೆ ಬರೀತಾರ. ಕೈಲೆ ಬರದ್ರ ಗುರುತು ಉಳೀತೈತಿ," ಎನ್ನುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ ಖಾನಾಪುರಕ್ಕೆ ಹೋಗುವುದು ರೂಢಿಯಾಯಿತು. ಕಾಕಾನ ಹೆಂಡತಿ ಕಾಕೂ ಅವಲಕ್ಕಿ ಹಚ್ಚಿಕೊಡುತ್ತಿದ್ದರು. ಗಂಡನೊಡನೆ ಮರಾಠಿ, ನನ್ನೊಡನೆ ಕನ್ನಡ, ಬೆಕ್ಕಿನೊಡನೆ ಎರಡೂ. ನನಗೆ ಆ ಮನೆ ಬಹಳ ಸೇರಿತು.

ಹೀಗಿರುವಾಗ ಗುಂಜಿ ಸ್ಟೇಶನ್ನಿನ ಹಿಂದೆ, ಗಿಡಗಂಟಿಗಳ ನಡುವೆ, ಗಾಲಿ ಕಳಚಿ ನೆಲಕ್ಕೆ ಕೂಡಿಸಿದ ಹಳೆಯ ಗೂಡ್ಸ್ ಡಬ್ಬಿಯೊಂದು ಇದೆ ಎಂದು ಗೊತ್ತಾಯಿತು. ಹಿಂದೆ ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಗುದ್ದಲಿ, ಹಾರೆ ಇಡಲು ಬಳಸುತ್ತಿದ್ದರಂತೆ. ಈಗ ಅದು ಯಾರಿಗೂ ಬೇಡ. ಸ್ಟೇಶನ್ನಿನಲ್ಲಿ ಕೇಳಿದರೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೋಗ್ರಿ, ಹಾವು ಇರ್ತಾವ ನೋಡ್ಕೋರಿ," ಎಂದರು. ಡಬ್ಬಿಗೆ ಸುಣ್ಣ ಬಳಿದಿದ್ದರು. ಒಣ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿದಾಗ ನಂಬರು ಎದ್ದು ಬಂತು. ಎಂಟನ್ನು ನೋಡಿದ ಕೂಡಲೇ ಅದು ಯಾರ ಕೈ ಎಂದು ಗೊತ್ತಾಯಿತು. ಕುಣಿಯುವಷ್ಟು ಖುಷಿಯಾಯಿತು. ಫೋಟೋ ತೆಗೆದು, ಬೆಳಗಾವಿಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕಾಕಾನಿಗೆ ಉಡುಗೊರೆ ಒಯ್ದೆ.

ಕಾಕಾ ಕಾಗದ ಬಿಚ್ಚಿದರು. ನಂಬರು ಓದಿದರು. ಫೋಟೋವನ್ನು ಮಗುಚಿ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಮಲಗಿಬಿಟ್ಟರು. ಎಷ್ಟು ಹೊತ್ತಾದರೂ ಏಳಲಿಲ್ಲ. ಇಷ್ಟು ಕಷ್ಟಪಟ್ಟು ತಂದರೆ ಒಂದು ಒಳ್ಳೆಯ ಮಾತಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಕಾಕೂಗೆ ಹೇಳಿ ಎದ್ದು ಬಂದೆ. ಮೂರು ವಾರ ಖಾನಾಪುರದ ಕಡೆ ತಲೆ ಹಾಕಲಿಲ್ಲ. ಇಂಥ ವಿಷಯದಲ್ಲಿ ನಾನು ಬಹಳ ಕೆಟ್ಟವಳು.

ಕೊನೆಗೆ ಕಾಕೂ ಫೋನ್ ಮಾಡಿದರು. "ಬಾಯಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಅವರು ಉಣ್ಣಾಕ ಒಲ್ಲರು. ನೀವು ಬರ್ರಿ. ನಿಮ್ಮ ಮುಂದ ಏನೋ ಹೇಳೂದೈತಂತ."

ಹೋದೆ. ಮೂರು ವಾರದಲ್ಲಿ ಕಾಕಾ ಇಳಿದುಹೋಗಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದರು. ಯಾರ್ಡಿನಲ್ಲಿ ಖಂಡೇನವಮಿಯ ಆಯುಧಪೂಜೆ ಜೋರಾಗಿ ನಡೆಯುತ್ತಿತ್ತು. ಹಿಂದಿನ ದಿನವೇ ಎಲ್ಲರೂ ತಮ್ಮ ತಮ್ಮ ಹತ್ಯಾರ ತೊಳೆದು ಪೂಜೆಗೆ ಇಡಬೇಕು. ಒಮ್ಮೆ ಇಟ್ಟ ಮೇಲೆ ದಸರೆ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಕಾಕಾನ ಹತ್ಯಾರವೆಂದರೆ ಬ್ರಶ್ಶುಗಳು. ಆ ವರ್ಷ ಹಿಂದಿನ ದಿನ ಒಂದು ಡಬ್ಬಿಯ ಎಣ್ಣೆ ಕೆಲಸ ಮಧ್ಯಾಹ್ನಕ್ಕೆ ಇತ್ತು. ಅಲ್ಲಿಯವರೆಗೆ ಕಾದರೆ ಬ್ರಶ್ ತೊಳೆಯುವುದು ಯಾವಾಗ? ಹೇಗೂ ಮಧ್ಯಾಹ್ನ ಎಣ್ಣೆ ಹಾಕುತ್ತಾರಲ್ಲ ಎಂದು ಬೆಳಿಗ್ಗೆಯೇ ತಾರೀಖು ಬರೆದು, ಬ್ರಶ್ ತೊಳೆದು ದೇವಿಯ ಮುಂದೆ ಇಟ್ಟುಬಿಟ್ಟರು. ಮಧ್ಯಾಹ್ನ ಬಂದ ಎಣ್ಣೆಯವರು ತಾರೀಖು ನೋಡಿದರು. ಮೊದಲ ಪಾಳಿಯವರು ಮಾಡಿ ಮುಗಿಸಿದ್ದಾರೆ ಎಂದುಕೊಂಡು ಮುಂದಿನ ಡಬ್ಬಿಗೆ ಹೋದರು. ಎಣ್ಣೆಯಿಲ್ಲದ ಡಬ್ಬಿ ಗಾಡಿಗೆ ಸೇರಿ ಹೊರಟಿತು.

ಮರುದಿನ, ಖಂಡೇನವಮಿಯ ದಿನವೇ, ಗುಂಜಿಯ ಹತ್ತಿರ ಅದರ ಅಚ್ಚಿಗೆ ಬೆಂಕಿ ಹತ್ತಿತು. ಹಳಿ ನೋಡುತ್ತಿದ್ದ ಗ್ಯಾಂಗ್‌ಮನ್ ಒಬ್ಬ ಹೊಗೆ ಕಂಡು ಕೆಂಪು ಬಾವುಟ ತೋರಿಸಿ ಗಾಡಿ ನಿಲ್ಲಿಸಿದ. ಒದ್ದೆ ಗೋಣಿಚೀಲ ಹಿಡಿದು ಬೆಂಕಿ ಆರಿಸಿದ. ಆರಿಸುವಾಗ ಅವನ ಬಲಗೈ ಬೆಂದು ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಆ ಗ್ಯಾಂಗ್‌ಮನ್ ಮತ್ತು ಕಾಕಾ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು, ಒಂದೇ ದಿನ ನೌಕರಿಗೆ ಸೇರಿದವರು.

"ಆವತ್ತಿಂದ ನಾ ಗುಂಜ್ಯಾಗ ಇಳದಿಲ್ಲರೀ," ಎಂದರು ಕಾಕಾ. "ಅಂವ ಅಲ್ಲೇ ಮನಿ ಮಾಡ್ಯಾನ, ಯಾವ ಮಾರಿ ತೊಗೊಂಡು ಇಳೀಲಿ? ಚೌಕಶಿ, ಇನ್‌ಕ್ವಾಯರಿ, ಎಲ್ಲಾ ನಡೀತು. ನಾಳೆ ನನ್ನ ಕರೀತಾರ, ನಾಡದ ಕರೀತಾರ ಅಂತ ದಿನಾ ಕಾಯ್ತಿದ್ದೆ. ಯಾರೂ ಕರೀಲಿಲ್ಲ. ಪೆಟ್ಟಿಗಿ ಹಳೇದಾಗಿತ್ತು ಅಂತ ಬರದು ಮುಗಿಸಿದ್ರು. ತಾರೀಖ ಬೆಂಕ್ಯಾಗ ಸುಟ್ಟಿರಬೇಕು, ಅದಕ್ಕ ನಾ ಉಳದೆ. ನೀವು ತಂದ ಪಟ ಅದ ಡಬ್ಬಿದು, ಆದ್ರ ಅದರಾಗ ಆ ಮೂಲಿ ಕಾಣವಲ್ದು. ಅಲ್ಲಿ ಏನೈತಿ, ಒಂದಸಲ ನೋಡಿ ಹೇಳ್ರಿ. ಖರೇ ಹೇಳ್ರಿ."

ನನಗೆ ನಾಚಿಕೆಯಾಯಿತು. ಈ ಮನುಷ್ಯನ ಎದೆಯ ಮೇಲಿದ್ದ ಕಲ್ಲಿಗೆ ನಾನು ಕಟ್ಟು ಹಾಕಿಸಿ ತಂದಿದ್ದೆ, ಮೇಲಿಂದ ಶಹಬ್ಬಾಸ್ ಅನ್ನಲಿಲ್ಲ ಎಂದು ಮುನಿಸಿಕೊಂಡಿದ್ದೆ.

ಮರುದಿನ ಮುಂಜಾನೆ ಗುಂಜಿಗೆ ಹೋದೆ. ಒಂದು ಕೈಗನ್ನಡಿಯನ್ನು ಒಯ್ದಿದ್ದೆ. ಹಳೆಯ ಬರಹ ಓದಲು ಇದು ನಾನೇ ಕಂಡುಕೊಂಡ ಉಪಾಯ. ನೆಟ್ಟಗೆ ನೋಡಿದರೆ ಏನೂ ಕಾಣುವುದಿಲ್ಲ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಓರೆಯಾಗಿ ಬಿಟ್ಟರೆ ಬಣ್ಣದ ಅಂಚುಗಳಿಗೆ ನೆರಳು ಬೀಳುತ್ತದೆ, ಅಡಗಿದ್ದ ಅಕ್ಷರ ಮೂಡುತ್ತದೆ. ಮೂಲೆಯ ಸುಣ್ಣ ಉಜ್ಜಿ ತೆಗೆದೆ. ತೂಕದ ಅಂಕಿಗಳು ನೆಟ್ಟಗಿದ್ದವು, ಬಣ್ಣ ಬೊಬ್ಬೆ ಎದ್ದಿರಲಿಲ್ಲ. ಬೆಂಕಿ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಅದರ ಕೆಳಗೆ, ತಾರೀಖು ಇರಬೇಕಾದ ಜಾಗದಲ್ಲಿ, ಬಿಳಿ ಬಣ್ಣ ಎಡದಿಂದ ಬಲಕ್ಕೆ ಎಳೆದುಕೊಂಡು ಹೋಗಿತ್ತು. ಗೋಣಿಯ ಎಳೆಗಳ ಗೆರೆಗಳು ಬಣ್ಣದಲ್ಲಿ ಹಾಗೇ ಒಣಗಿದ್ದವು. ಹಸಿ ಇದ್ದಾಗ ಯಾರೋ ಒತ್ತಿ ಒರೆಸಿದ್ದರು. ಅರ್ಧ ತಾಸು ಅದನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕುಳಿತಿದ್ದೆ. ಕಾಲು ಜೋಮು ಹಿಡಿಯಿತು.

ಏನೂ ಕಾಣಲಿಲ್ಲ, ಸುಟ್ಟುಹೋಗಿದೆ ಎಂದು ಹೇಳಿಬಿಡಲೇ ಎಂದು ಗಾಡಿಯಲ್ಲಿ ಯೋಚಿಸಿದೆ. ಮುದುಕ ನೆಮ್ಮದಿಯಿಂದ ಉಂಡಾನು. ಆದರೆ ಖರೇ ಹೇಳ್ರಿ ಎಂದಿದ್ದರಲ್ಲ. ಖಾನಾಪುರದಲ್ಲಿ ಇಳಿದು, ಕಂಡದ್ದನ್ನು ಕಂಡ ಹಾಗೆ ಹೇಳಿದೆ.

"ಗೋಣಿ ಚೀಲ ಅಂದ್ರಿ?" ಎಂದು ಕಾಕಾ ಕೇಳಿದರು.

"ಹೌದರಿ ಕಾಕಾ."

"ಗೋಣಿ ಚೀಲ ಅವನ ಕೈಯಾಗ ಇತ್ತರೀ." ಗೋಡೆ ಹಿಡಿದು ಎದ್ದು ನಿಂತರು. "ನನ್ನ ಗುಂಜಿಗೆ ಕರಕೊಂಡ ಹೋಗ್ರಿ."

ಕಾಕೂ ಬೇಡ ಎನ್ನಬಹುದು ಎಂದುಕೊಂಡಿದ್ದೆ. ಅವರು ಒಗೆದ ಧೋತರ, ಟೋಪಿ ತಂದು ಗಂಡನ ಕೈಗೆ ಕೊಟ್ಟರು. ಮುಂದಿನ ಪ್ಯಾಸೆಂಜರಿಗೆ ನಾವಿಬ್ಬರೂ ಹತ್ತಿದೆವು. ಗುಂಜಿ ಅಲ್ಲೇ ಪಕ್ಕದಲ್ಲಿ. ಅಷ್ಟು ದಾರಿಯಲ್ಲಿ ಕಾಕಾ ಎರಡು ಸಲ, "ವಾಪಸ್ ಹೋಗೂಣೇನ್ರಿ ಬಾಯಾರ?" ಎಂದು ಕೇಳಿದರು. ಎರಡು ಸಲವೂ ನಾನು ಕೇಳಿಸದವಳ ಹಾಗೆ ಕಿಟಕಿಯಿಂದ ಹೊರಗೆ ನೋಡಿದೆ. ಸ್ಟೇಶನ್ನಿನಲ್ಲಿ ಇಳಿದ ಮೇಲೆ ಅವರು ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗೆಳೆಯನ ಮನೆ ಕೇಳಿಕೊಂಡು ಹೋದೆವು.

ಗ್ಯಾಂಗ್‌ಮನ್ ಕಾಕಾ ಮನೆಯ ಮುಂದೆ ಬಾಜಿನ, ಎಂದರೆ ಹಗ್ಗದ ಮಂಚದ, ಮೇಲೆ ಕುಳಿತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದರು. ಬಲಗೈ ಮಡಿಲಲ್ಲಿತ್ತು, ಬೆರಳುಗಳೆಲ್ಲ ಒಂದಾಗಿ. ತಲೆ ಎತ್ತಿ ನೋಡಿದರು. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ.

"ಬಾ. ಕುಂದರ," ಎಂದರು.

ಪೇಂಟರ್ ಕಾಕಾ ಕೂರಲಿಲ್ಲ. ನಿಂತೇ ಹೇಳಿದರು. "ಆ ತಾರೀಖ ನಾ ಮೊದಲ ಬರದಿದ್ದೆ. ಎಣ್ಣಿ ಹಾಕಿರಲಿಲ್ಲ. ಬ್ರಶ್ ಪೂಜಿಗೆ ಇಡೂದಿತ್ತು."

"ಗೊತ್ತೈತಿ."

"ಗೊತ್ತಿತ್ತು?"

"ಎಣ್ಣಿ ಬಣ್ಣ, ಇನ್ನಾ ಹಸೇದಿತ್ತು. ಪೆಟ್ಟಿಗಿ ಒಳಗ ನೋಡಿದ್ರ ಒಣಾ ಒಣ. ಸಾಹೇಬ ಬರೂದ್ರಾಗ ಒರಸಿ ಬಿಟ್ಟೆ."

"ಸುಟ್ಟ ಕೈಲೇ?"

"ಎಡಗೈ ಇತ್ತಲ್ಲೋ. ನಿನ್ನ ಮನ್ಯಾಗ ಎರಡು ಸಣ್ಣ ಕೂಸು ಇದ್ದೂ. ನೌಕರಿ ಹೋಗಿದ್ರ ಏನ ಮಾಡ್ತಿದ್ದಿ?"

ಪೇಂಟರ್ ಕಾಕಾನ ತೋಳು ಹಿಡಿದು ಬಾಜಿನ ಮೇಲೆ ಕೂಡಿಸಿದೆ. "ನನ್ನ ಸಲುವಾಗಿ ನಿನ್ನ ಕೈ ಹೋತು," ಎಂದರು. "ನನಗ ಬಾಯಿಗೆ ಬಂದಂಗ ಬೈ. ಒಂದು ಹೊಡಿ ಬೇಕಾದ್ರ."

ಅಲ್ಲಿಯವರೆಗೆ ತಣ್ಣಗಿದ್ದ ಗ್ಯಾಂಗ್‌ಮನ್ ಕಾಕಾನಿಗೆ ಆಗ ಸಿಟ್ಟು ಬಂತು. ಮಡಿಲಲ್ಲಿದ್ದ ಶೇಂಗಾ ಚೆಲ್ಲಿಹೋದವು.

"ಕೈ ಸುದ್ದಿ ಬಿಡೋ! ಒಂದ ಕೈಲೇ ಮನಿ ಕಟ್ಟೀನಿ, ಮಕ್ಕಳ ಮದಿವಿ ಮಾಡೀನಿ. ಕೈಯಿಗೆ ಅಂತ ನಾ ಒಂದ ದಿನಾ ಅತ್ತಿಲ್ಲ. ಪ್ರತಿ ವರ್ಷ ದಸರಾಕ್ಕ ಬನ್ನಿ ಎಲಿ ಕೊಟ್ಟು ಅಪ್ಪಿಕೊಳ್ಳಾಕ ಬರ್ತಿದ್ದಿ. ಆವತ್ತು ಮರದಿನಾ ದಸರಾ ಇತ್ತು. ನಾ ದವಾಖಾನ್ಯಾಗ ಮುಂಜಾನಿಂದ ಸಂಜಿತನಕಾ ಬಾಗಲಾ ನೋಡಿಕೋತ ಬಿದ್ದಿದ್ದೆ. ನರ್ಸ್ ಬಾಯಿ ಕೇಳಿದ್ಲು, ಯಾರ ದಾರಿ ಕಾಯಾಕತ್ತೀರಿ ಅಂತ. ನನ್ನ ದೋಸ್ತ ಬರ್ತಾನ, ಬನ್ನಿ ಕೊಡಾಕ ಬರ್ತಾನ ಅಂತ ಹೇಳಿದ್ದೆ."