ಎರಡನೆಯ ಆಮೆನ್

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ತುಟಿಯೊಳಗೆ ತಂಬಾಕು ಇಟ್ಟುಕೊಂಡು ನಿಂತವರು ದೇವಪುತ್ರಪ್ಪನವರನ್ನು ಕಂಡರೆ, ಇಂಡಿಗೆ ಹೋಗಬೇಕಾದರೂ ಮುದ್ದೇಬಿಹಾಳದ ಬಸ್ಸು ಹತ್ತಿಬಿಡುತ್ತಾರೆ. ಚರ್ಚಿನ ಈ ಹಿರಿಯರು ಎದುರಿಗಿದ್ದವರ ಕೈಕುಲುಕಿ, ಆಮೇಲೆ ತಮ್ಮ ಕೈ ಮೂಸಿ ನೋಡಿ, "ಮೊದಲ ಉಗುಳಿ ಬರ್ರಿ, ಆಮ್ಯಾಗ ಮಾತಾಡೂಣು" ಎನ್ನುತ್ತಾರೆ. ಅವರ ಸೊಂಟದಲ್ಲೂ ತಂಬಾಕಿನ ಬಟ್ಟೆಚೀಲ, ಹಳೆಯ ಚಂಚಿ, ಇದೆ. ಅದರೊಳಗೆ ಈಗ ಇರುವುದು ಬೈಬಲ್ ವಾಕ್ಯ ಬರೆದ ಚೀಟಿಗಳು. ಚಟ ಎದ್ದಾಗಲೆಲ್ಲ ಒಂದು ಚೀಟಿ ತೆಗೆದು, ಅಂಗೈಯಲ್ಲಿಟ್ಟು ಓದಿ, ನಿಂತಲ್ಲೇ ಪ್ರಾರ್ಥಿಸುತ್ತಾರೆ. "ಹನ್ನೊಂದ ವರ್ಷ ಆತ್ರಿ, ಕೈ ಇನ್ನೂ ಚಂಚಿಗೇ ಹೋಗತೈತಿ. ಹೋಗ್ಲಿ, ಅಲ್ಲಿ ದೇವರ ಮಾತ ಸಿಗತೈತಿ." ಸಭೆಯ ಆರೇಳು ಮಂದಿ ಅಂಥದೇ ಚಂಚಿ ಕಟ್ಟಿಕೊಂಡು ತಂಬಾಕು ಬಿಟ್ಟಿದ್ದಾರೆ. ಆದರೂ ಪ್ರಾರ್ಥನೆಯ ಕೊನೆಗೆ ದೇವಪುತ್ರಪ್ಪನವರು ಎರಡು ಸಲ ಆಮೆನ್ ಎನ್ನುವಾಗ ಎಲ್ಲರಿಗೂ ನಗು. ಹೊಸದಾಗಿ ಬಂದ ಪಾಸ್ಟರು ಒಂದು ಭಾನುವಾರ ಕಾರಣ ಕೇಳಿಯೇಬಿಟ್ಟರು. "ನನ್ನ ಹೇಣ್ತಿ ಸುಗಂಧವ್ವ ತಂಬಾಕ ಮುಟ್ಟಿದಾಕಿ ಅಲ್ರಿ. ಹಲ್ಲ ನೋಯಾಕತ್ತೈತಿ ಅಂದಾಗ ನಾನ ಇದ ಚಂಚಿಯಿಂದ ಚಿಟಿಕಿ ತಗದ ಒತ್ತಿದೆ. ಆಕಿಗಿ ಅದ ಚಟ ಆತು. ಕ್ಯಾನ್ಸರ್ ಆಗಿ ನಾಲಿಗಿ ತಗದ್ರು. ಕಡೀ ವರ್ಷ ನಾ ಪ್ರಾರ್ಥನಿ ಮುಗಿಸಿದಾಗ ಆಕಿ ಬರೇ ಕೈ ಎತ್ತತಿದ್ಲು. ಎರಡನೇ ಆಮೆನ್ ಆಕಿದ್ರಿ."