ಒಣಗಿದಂತೆ ಕಂಡ ಸೈಪ್ರಸ್

ಕಳೆದ ವಾರ ಬೈಲಹೊಂಗಲದ ಒಂದು ನರ್ಸರಿಯಲ್ಲಿ ಸೈಪ್ರಸ್ ಸಸಿಗಳ ಸಾಲಿನ ನಡುವೆ ಹಾಯುವಾಗ ಒಂದರ ತುದಿ ನನ್ನ ತೋಳಿಗೆ ತಿಕ್ಕಿತು. ರಾಳದ ವಾಸನೆ, ಅದರ ಹಿಂದೆ ತುಸು ಹೊಗೆ. ಹೊಗೆ ಸಸಿಯಲ್ಲಿರಲಿಲ್ಲ, ನನ್ನ ನೆನಪಿನಲ್ಲಿತ್ತು.

ನಮ್ಮ ಹಳೆಯ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ತೀರಿಕೊಂಡ ಸುದ್ದಿ ಕೊನೆಗಾಲದಲ್ಲಿ ಅವರಿದ್ದ ಕಿತ್ತೂರಿನಿಂದ ಬಂದು ತಿಂಗಳಾಗಿತ್ತು. ಅವರ ಹೆಸರಿನಲ್ಲಿ ಒಂದು ಗಿಡ ನೆಡಬೇಕೆಂದು ನರ್ಸರಿಗೆ ಹೋಗಿದ್ದೆ.

ಚಚಡಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಕ್ಕೋರು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದರು. ಊರ ಹಳ್ಳದ ದಂಡೆಯಲ್ಲಿ, ಬೇಸಿಗೆಯಲ್ಲೂ ಕೆಸರು ಆರದ ಜಾಗದಲ್ಲಿ, ಒಂದು ಎತ್ತರದ ಗಿಡವಿತ್ತು. ಊರ ಹಳೆಯ ವಾಡೆಯ ಜಮೀನ್ದಾರರು ಯಾವ ಕಾಲದಲ್ಲೋ ಎಲ್ಲಿಂದಲೋ ತಂದು ಹಚ್ಚಿದ್ದು. ಅದರ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕೋರು ಅದನ್ನು ಬೋಳು ಸೈಪ್ರಸ್ ಎನ್ನುತ್ತಿದ್ದರು.

ಸಂಜೆ ಶಾಲೆ ಬಿಟ್ಟ ಮೇಲೆ ಅವರು ಹಳ್ಳಕ್ಕೆ ಹೋಗುವುದು ರೂಢಿ. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೆ. ಅಮೆರಿಕದ ಜೌಗು ನಾಡು ಇದರ ತವರು, ಅಲ್ಲಿ ಇದು ನಿಂತ ನೀರಿನಲ್ಲೇ ಬೆಳೆಯುತ್ತದೆ, ಬೀಜ ನೀರಿನ ಮೇಲೆ ತೇಲಿಹೋಗಿ ಹಸಿ ಕೆಸರು ಸಿಕ್ಕಲ್ಲಿ ಮೊಳೆಯುತ್ತದೆ ಎಂದು ಹೇಳುತ್ತಿದ್ದರು. ನೀರಲ್ಲಿ ನಿಲ್ಲಬೇಕಾದ್ದರಿಂದ ಬುಡ ಅಗಲವಾಗಿ ಉಬ್ಬಿರುತ್ತದೆ. ಬೇರುಗಳಿಂದ ಮೊಣಕಾಲಿನಂಥ ಗೂಟಗಳು ಮೇಲೆದ್ದಿದ್ದವು, ನಾವು ಅವುಗಳ ಮೇಲೆ ಕೂರುತ್ತಿದ್ದೆವು. ಅವು ಯಾಕಿವೆ ಎಂದು ಒಮ್ಮೆ ಕೇಳಿದ್ದೆ.

"ಉಸರಾಡಾಕ ಅಂತಾರ ಒಬ್ಬರು, ಆಸರಕ್ಕ ಅಂತಾರ ಇನ್ನೊಬ್ಬರು. ಖಾತ್ರಿ ಯಾರಿಗೂ ಇಲ್ಲ. ಕುಂದ್ರಾಕ ಅಂತ ನಾವು ಅಂದ್ರ ತಪ್ಪೇನಿಲ್ಲ ಬಿಡ" ಎಂದು ನಕ್ಕಿದ್ದರು.

ಬಟ್ಟೆ ಒಗೆಯಲು ಬಂದ ಹೆಂಗಸರು ಅವರನ್ನು ಕೆಣಕುತ್ತಿದ್ದರು. "ಅಕ್ಕೋರ, ನಿಮ್ಮ ಗಿಡಾ ಏನಂತೈತ್ರಿ ಇವತ್ತ?"

"ನಿಮಕಿಂತ ಕಡಿಮಿ ಸುಳ್ಳ ಹೇಳತೈತ್ರೆವಾ."

ಉಳಿದ ಸೈಪ್ರಸ್ ಗಿಡಗಳು ವರ್ಷವಿಡೀ ಹಸಿರಾಗಿರುತ್ತವೆ. ಇದು ಮಾತ್ರ ಚಳಿಗಾಲದಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಎಲೆಗಳನ್ನು ಬಿಡಿಬಿಡಿಯಾಗಿ ಅಲ್ಲ, ಸಣ್ಣ ಕಡ್ಡಿಗಳ ಸಮೇತ ಉದುರಿಸಿ ಬೋಳಾಗಿ ನಿಲ್ಲುತ್ತಿತ್ತು. ಆ ವರ್ಷ ಹೋಳಿ ಬಂದರೂ ಅದು ಚಿಗುರಿರಲಿಲ್ಲ...

ನಾನಾಗ ಬೈಲಹೊಂಗಲದಲ್ಲಿ ಡಿಗ್ರಿ ಓದುತ್ತಿದ್ದೆ. ಹಬ್ಬಕ್ಕೆ ಊರಿಗೆ ಬಂದಿದ್ದೆ. ನಮ್ಮ ಕಡೆ ಕಾಮನ ಕಟ್ಟಿಗೆಯನ್ನು ಕದ್ದೇ ತರಬೇಕು. ಕದ್ದವರ ಮೇಲೆ ಯಾರೂ ಸಿಟ್ಟಾಗುವಂತಿಲ್ಲ, ಕಾಮನ ಮುಂದೆ ಬಿದ್ದ ಕಟ್ಟಿಗೆಯನ್ನು ಯಾರೂ ಮರಳಿ ಕೇಳುವಂತಿಲ್ಲ. ಓಣಿಯ ಗಂಡಸರ ಕಣ್ಣು ಆ ಸಲ ಹಳ್ಳದ ಗಿಡದ ಮೇಲೆ ಬಿತ್ತು. ಎಲೆಯಿಲ್ಲ, ಒಣಗಿದೆ ಎಂದುಕೊಂಡರು.

ಹೋಳಿಗೆ ಬಾರಿಸುವ ಚರ್ಮದ ಹಲಗೆಯ ಸದ್ದು ಕೇಳಿ ನಾನು ದಂಡೆಗೆ ಹೋದಾಗ ಅರ್ಧಕ್ಕಿಂತ ಹೆಚ್ಚು ಕಡಿದಾಗಿತ್ತು. ಕೊಡಲಿ ಹಿಡಿದಿದ್ದವನು ನಮ್ಮ ಓಣಿಯ ಪೈಲ್ವಾನ, ಅಕ್ಕೋರ ಹಳೆಯ ವಿದ್ಯಾರ್ಥಿ. ಗಿಡದ ತುದಿಗೆ ಕಟ್ಟಿದ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು, ಗಿಡಕ್ಕೆ ಬೆನ್ನು ಮಾಡಿ, ದೂರದಲ್ಲಿ ಆರೇಳು ಜನ ನಿಂತಿದ್ದರು. ಹಲಗೆ ಬಾರಿಸುವವರು ಅವರ ಪಕ್ಕದಲ್ಲೇ ಇದ್ದರು.

ಅಕ್ಕೋರು ಬರಿಗಾಲಲ್ಲಿ ಓಡಿಬಂದರು. ಕೆಳಕ್ಕೆ ಜೋತಿದ್ದ ಒಂದು ಟೊಂಗೆಯನ್ನು ಹೆಬ್ಬೆರಳ ಉಗುರಿನಿಂದ ಕೆರೆದು ಪೈಲ್ವಾನನ ಮುಖದ ಮುಂದೆ ಹಿಡಿದರು. ಒಳಗೆ ಹಸಿರಿತ್ತು.

"ಒಣಗಿಲ್ಲೋ ಇದು. ಮಲಗೈತಿ."

"ಮಲಗಿದ್ರ ಎಬ್ಬಸ್ತೇವ್ರಿ ಅಕ್ಕೋರ" ಎಂದು ಅವನು ನಕ್ಕ.

ಅಕ್ಕೋರು ನಗಲಿಲ್ಲ. ಕಾಂಡಕ್ಕೆ ಬೆನ್ನು ಕೊಟ್ಟು ನಿಂತರು. ಹಗ್ಗ ಇದ್ದದ್ದು ಆ ಬದಿಗೇ, ಗಿಡ ಬೀಳಬೇಕಾದದ್ದೂ ಆ ಬದಿಗೇ. ಅವನ ನಗು ನಿಂತಿತು. ಕೊಡಲಿ ಕೆಳಗಿಟ್ಟು, "ಆತ್ರಿ, ಬಿಟ್ವಿ" ಎಂದ. ಹಗ್ಗದವರತ್ತ ತಿರುಗಿ "ಏ, ನಿಂದರ್ರಲೇ" ಎಂದು ಕೂಗಿದ. ನಾನೂ ಕೂಗಿದೆ. ಹಲಗೆಯ ಸದ್ದಿನಲ್ಲಿ ನಮ್ಮ ದನಿ ಅವರನ್ನು ಮುಟ್ಟಲಿಲ್ಲ. ಹಗ್ಗಕ್ಕೆ ತಾಗುತ್ತಿದ್ದ ಕೊಡಲಿಯೇಟಿನ ಅದುರು ನಿಂತಿತಲ್ಲ, ಕಡಿದು ಮುಗಿಯಿತೆಂದು ತಿಳಿದು ಅವರು ಎಳೆದರು.

ಆ ಸದ್ದು... ಮೊದಲು ಹಳೆಯ ಬಾಗಿಲು ನರಳಿದ ಹಾಗೆ, ಆಮೇಲೆ ಒಂದೇ ಸಿಡಿತ. ಪೈಲ್ವಾನ ಹಾರಿ ಅಕ್ಕೋರನ್ನು ಬದಿಗೆ ಎಳೆದದ್ದನ್ನು ಕಂಡೆ. ಇಬ್ಬರೂ ಬೇರಿನ ಗೂಟಗಳ ನಡುವೆ ಬಿದ್ದರು. ಅವರ ಮೇಲೆ ಬೋಳು ಟೊಂಗೆಗಳು ಬಂದು ಕವಿದವು. ಹಲಗೆ ಇನ್ನೂ ಬಡಿಯುತ್ತಲೇ ಇತ್ತು. ಟೊಂಗೆಗಳ ಕೆಳಗೆ ಅಕ್ಕೋರ ಕೈ ಅಲುಗುವವರೆಗಿನ ಆ ಹೊತ್ತನ್ನು ನಾನು ಇಂದಿಗೂ ದಾಟಿಲ್ಲ. ಒಮ್ಮೊಮ್ಮೆ ತರಗತಿಯಲ್ಲಿ ಪಾಠ ಮಾಡುವಾಗಲೂ ಅದು ಬರುತ್ತದೆ. ಕೆಲವು ಸಲ ಆ ಕೈ ಅಲುಗುವುದೇ ಇಲ್ಲ.

ದೊಡ್ಡ ಟೊಂಗೆಯೊಂದು ಗೂಟಗಳ ಮೇಲೆ ತಡೆದು ನಿಂತಿತ್ತು. ಅಕ್ಕೋರ ಸೊಂಟಕ್ಕೆ ಪೆಟ್ಟಾಗಿತ್ತು. ಪೈಲ್ವಾನನ ಮೊಣಕೈ ತರಚಿತ್ತು, ಅವನು "ತಪ್ಪಾತ್ರಿ, ತಪ್ಪಾತ್ರಿ" ಎನ್ನುತ್ತ ಅವರ ಮೇಲಿನ ಟೊಂಗೆಗಳನ್ನು ಸರಿಸುತ್ತಿದ್ದ. ಅಕ್ಕೋರೇ ಅವನ ಬೆನ್ನು ಸವರಿದರು. ಆಮೇಲೆ ಬುಡದ ಕಡೆ ಕತ್ತು ಚಾಚಿ ನೋಡಿದರು.

"ಮೋಟ ಉಳದೈತಿ. ಸೂಜಿ ಎಲಿ ಗಿಡದಾಗ ಕಡದ ಮ್ಯಾಲ ಚಿಗರೂವು ಭಾಳ ಕಡಿಮಿ. ಇದು ಚಿಗರತೈತಿ. ಆಡ ಬಾಯಿ ಹಾಕದಂಗ ಮುಳ್ಳ ಬಡೀರಿ."

ಗಂಡಸರು ಬಿದ್ದ ಕಟ್ಟಿಗೆಯನ್ನೂ ಅವರ ಮುಖವನ್ನೂ ನೋಡುತ್ತಿದ್ದರು. ಅವರೇ ಹೇಳಿದರು: "ಕಾಮಗ ಅಂತ ಕಡದೀರಿ, ಒಯ್ಯಿರಿ. ಹಸೀದು ಹತ್ತಂಗಿಲ್ಲ, ಕಣ್ಣ ಅಷ್ಟ ಉರೀತಾವ."

ಹಾಗೇ ಆಯಿತು. ಕಾಮ ಸುಟ್ಟುಹೋದ, ಕಟ್ಟಿಗೆ ಉರಿಯಲಿಲ್ಲ. ಮರುದಿನ ಬಣ್ಣದಾಟ ಮುಗಿಯುವವರೆಗೂ ಊರ ತುಂಬ ರಾಳದ ಹೊಗೆ. ಆ ಸಲ ಕಣ್ಣೀರು ಯಾವುದು, ಹೊಗೆಯ ನೀರು ಯಾವುದು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಪೈಲ್ವಾನ ಜಾಲಿ ಮುಳ್ಳು ತಂದು ಮೋಟಿನ ಸುತ್ತ ಬೇಲಿ ಕಟ್ಟಿದ.

ಚಿಗುರುವ ಮೊದಲೇ ಅಕ್ಕೋರಿಗೆ ರಾಮದುರ್ಗದ ಕಡೆ ವರ್ಗವಾಯಿತು. ಸೊಂಟದ ನೋವಿನಿಂದಾಗಿ ಅವರು ಮತ್ತೆ ಹಳ್ಳಕ್ಕಿಳಿದು ನೋಡಲಿಲ್ಲ. ಫೋನಿನಲ್ಲಿ ಮಾತ್ರ ಕೇಳುತ್ತಿದ್ದರು, "ಹೆಂಗೈತಿ?" ಅಂತ. ಗಿಡ ಹೇಗಿದೆ ಎಂದೋ ನಾನು ಹೇಗಿದ್ದೇನೆ ಎಂದೋ ತಿಳಿಯದೆ, ಎರಡಕ್ಕೂ ಸೇರಿಸಿ "ಚಲೋ ಐತ್ರಿ" ಎನ್ನುತ್ತಿದ್ದೆ.

ನರ್ಸರಿಯವನನ್ನು ಎಲೆ ಉದುರಿಸುವ ಸೈಪ್ರಸ್ ಇದೆಯೇ ಎಂದು ಕೇಳಿದೆ. "ಒಣಗಿದಂಗ ಕಾಣೂ ಗಿಡಾ ಯಾರ ತಗೋತಾರ್ರೀ ಸರ?" ಎಂದು ಅವನು ಮೊನಚಾದ ಹಸಿರು ಸಸಿಗಳನ್ನೇ ಮುಂದಿಟ್ಟ. ಏನೂ ಕೊಳ್ಳದೆ ಊರಿನ ಬಸ್ಸು ಹತ್ತಿದೆ.

ಹಳ್ಳದ ದಂಡೆಯಲ್ಲಿ ಹಳೆಯ ಮೋಟಿನ ಸುತ್ತ ಈಗ ಕೆಲವು ಕಾಂಡಗಳು ನನಗಿಂತ ಎತ್ತರ ಬೆಳೆದಿವೆ. ಎಲ್ಲವೂ ಬೋಳಾಗಿದ್ದವು. ಕೆಳಗೆ ತುಕ್ಕುಬಣ್ಣದ ಕಡ್ಡಿಗಳ ಹಾಸು. ಹತ್ತಿರ ಹೋಗಲು ಹೊತ್ತು ಹಿಡಿಯಿತು. ಗಾಳಿ ಬೀಸಿದರೆ ಕಿವಿ ತಾನಾಗಿಯೇ ಆ ನರಳಿಕೆಯನ್ನು ಹುಡುಕುತ್ತದೆ. ಕೊನೆಗೆ ಒಂದು ಟೊಂಗೆಯನ್ನು ಹಿಡಿದು ಹೆಬ್ಬೆರಳ ಉಗುರಿನಿಂದ ಕೆರೆದೆ.

ಹಸಿರಿತ್ತು. ಫೋನು ಜೇಬಿನಿಂದ ಕೈಗೆ ಬಂದಿತ್ತು... "ಹೆಂಗೈತಿ?" ಎಂದು ಕೇಳುವವರು ಇಲ್ಲ ಎಂಬುದು ಆಮೇಲೆ ನೆನಪಾಯಿತು.