ತಗಡು ಹಾರಿದ ಮೇಲೆ

ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಗಾಳಿಯೇ ನಮ್ಮನ್ನು ಹಿಡಿದು ತೂರಿದರೆ ಏನು ಮಾಡಬೇಕೆಂಬುದನ್ನು ಮಾತ್ರ ಹೇಳದೆ ಹೋದರು. ಈ ಒಂದು ಮರೆವಿನಿಂದ ನನಗಾದ ಫಜೀತಿಯನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ತಿಳವಳ್ಳಿಯಲ್ಲಿ ನಾನು ಕನ್ನಡ ಶಾಲೆಯ ಮಾಸ್ತರ. ನಮ್ಮ ಓಣಿಯ ಅಡಿಗೆಮನೆಗಳಿಗೆಲ್ಲ ಭತ್ತದ ಹುಲ್ಲಿನ ಹೊದಿಕೆ. ನನ್ನ ಅಡಿಗೆಮನೆಗೆ ಮಾತ್ರ ತಗಡು. ಮಹಾಯುದ್ಧ ಶುರುವಾಗುವ ಮೊದಲು ಹುಬ್ಬಳ್ಳಿಯಿಂದ ಗಾಡಿಯ ಮೇಲೆ ತರಿಸಿದ್ದು. ಅದು ಬಂದ ದಿನ ಓಣಿಯವರೆಲ್ಲ ಬೆರಳಿನಿಂದ ಬಡಿದು ನೋಡಿದ್ದರು. ನಾನೂ ಒಂದಷ್ಟು ದಿನ ಹುಲ್ಲಿನ ಸೂರಿನವರನ್ನು ಸ್ವಲ್ಪ ಮರುಕದಿಂದ ನೋಡುತ್ತಿದ್ದೆ ಎನ್ನಿ. ಯುದ್ಧ ಬಂದ ಮೇಲಂತೂ ತಗಡು ಅಂಗಡಿಗಳಲ್ಲಿ ಕಣ್ಣಿಗೂ ಬೀಳದಂತಾಗಿ, ನನ್ನ ಮರುಕ ಇನ್ನಷ್ಟು ಹೆಚ್ಚಿತು.

ಈ ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಹಿರೇಕೆರೂರಿನ ದಿಕ್ಕಿನಿಂದ ಮೋಡ ಎದ್ದಿತು. ಅಡ್ಡಮಳೆ ಬಂದೀತೆಂದು ನಾವು ಹೊರಗೆ ಒಣಹಾಕಿದ್ದ ಬಟ್ಟೆ ತೆಗೆಯುತ್ತಿರುವಾಗಲೇ ಗಾಳಿ ನುಗ್ಗಿತು. ತಗಡು ಒಮ್ಮೆ ಎದ್ದು ಕೂತಿತು, ಇನ್ನೊಮ್ಮೆ ಎದ್ದದ್ದು ಕೂಡಲಿಲ್ಲ. ನಾನು ಬಟ್ಟೆಗಳನ್ನು ಅವಚಿಕೊಂಡು ಅಡಿಗೆಮನೆಗೆ ಓಡಿ ಮೇಲೆ ನೋಡಿದರೆ ಆಕಾಶ. ಮಳೆ ನೇರವಾಗಿ ಒಲೆಯೊಳಗೆ ಸುರಿಯುತ್ತಿತ್ತು.

ಮರುದಿನ ಬೆಳಗಾಗುತ್ತಲೇ ಮಾತಾಡಿಸಲು ಬರುವವರು ಶುರುವಾದರು. ನಮ್ಮ ಕಡೆ ಸಾವಾದರೂ ಸರಿ, ಸೂರು ಹಾರಿದರೂ ಸರಿ, ಬಂದು ಮಾತಾಡಿಸಿ ಹೋಗದಿದ್ದರೆ ಸಂಬಂಧ ಉಳಿಯುವುದಿಲ್ಲ. ಬಂದವರಿಗೆ ಚಹಾ ಆಗಬೇಕು, ಸವಣೂರಿನ ಎಲೆ ಆಗಬೇಕು. ಒದ್ದೆ ಒಲೆಯ ಮುಂದೆ ಕೂತು ಊದಿ ಊದಿ ನಮ್ಮ ಮನೆಯವಳ ಕಣ್ಣುಗಳು ಕೆಂಪಾಗಿದ್ದವು. ಅದನ್ನು ದುಃಖವೆಂದು ತಿಳಿದು ಬಂದವರು ಇನ್ನಷ್ಟು ಹೊತ್ತು ಕೂತರು.

ಊರಗೌಡರು ಹೇಳಿದರು: "ಏನೂ ಮುಟ್ಟಬ್ಯಾಡ್ರಿ ಮಾಸ್ತರ. ತಲಾಠಿ ಬಂದು ಲುಕ್ಸಾನ ಬರ್ಕೊಳ್ಳೂ ತನಕ ಹೆಂಗ ಐತಿ ಹಂಗ ಇರ್ಲಿ." ಸರಿಯೆಂದು ಕೈಕಟ್ಟಿ ಕೂತೆ. ಎದುರು ಮನೆಯ ಶಿವಪ್ಪ ಬಂದು, "ಹಿಂಗ ಕುಂತ್ರ ಹೆಂಗ್ರಿ? ಮೊದಲ ಸಾಮಾನು ಹೊರಗ ಹಾಕ್ರಿ, ಗ್ವಾಡಿ ಬಿದ್ದಗಿದ್ದೀತು" ಎಂದ. ಅದೂ ಸರಿಯೆನಿಸಿ ಉಪ್ಪಿನಕಾಯಿಯ ಭರಣಿಯಿಂದ ಹಿಡಿದು ಒನಕೆಯವರೆಗೆ ಅಂಗಳಕ್ಕೆ ಹೊತ್ತೆ. ಅಷ್ಟರಲ್ಲಿ ಅವನ ತಾಯಿ ಬಂದು, ಮೋಡ ನೋಡಿ, "ಹೊರಗ ಯಾಕ ಇಟ್ಟೀರಿ? ಒಳಗ ತಗೊಳ್ರಿ" ಎಂದಳು. ಮತ್ತೆ ಹೊತ್ತೆ. ಒಳಗಿಟ್ಟ ಮೇಲೆ, ಈಗ ಒಳಗು ಯಾವುದು ಹೊರಗು ಯಾವುದು ಎಂಬ ಅನುಮಾನ ಬಂದು ಬಾಗಿಲಲ್ಲೇ ನಿಂತುಬಿಟ್ಟೆ. ಪಂಚಾಂಗ ತೆಗೆದು ನೋಡಿದೆ. ಕಂಬ ನಿಲ್ಲಿಸಲು ನಕ್ಷತ್ರವಿದೆ, ಗೃಹಪ್ರವೇಶಕ್ಕೆ ಮುಹೂರ್ತವಿದೆ. ಸೂರು ಮನೆ ಬಿಟ್ಟು ಹೋದರೆ ಏನೆಂಬುದಕ್ಕೆ ಒಂದು ಸಾಲಿಲ್ಲ. ಊರ ಬಾಗಿಲಿನ ಹನುಮಪ್ಪನನ್ನಾದರೂ ಕೇಳೋಣವೆಂದರೆ ಅವನು ಗಾಳಿಯ ಮಗ. ಅಪ್ಪನ ವಿರುದ್ಧ ಸಾಕ್ಷಿ ಹೇಳಿಯಾನೇ?

"ರೋಹಿಣಿ ಮಳಿ ಬರೂದ್ರಾಗ ಒಲಿ ಮ್ಯಾಲ ಸೂರ ಇರಬೇಕು," ಎಂದು ನಮ್ಮವಳು ಕೊನೆಗೆ ಹೇಳಿದಳು. "ತಗಡ ಹುಡುಕಿ ತಗೊಂಡ ಬರ್ರಿ. ಬರಿಗೈಲೆ ಬಂದ್ರ ಒಳಗ ಕರಿಯಂಗಿಲ್ಲ."

ತಗಡು ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ಓಣಿಯಲ್ಲಿ ಕೂಲಿಗೆ ಹೋಗುವ ಫಕೀರವ್ವನ ಗುಡಿಸಲಿನ ಹುಲ್ಲೆಲ್ಲ ಹಾರಿಹೋಗಿತ್ತು. ಒಂದು ಮೂಲೆಯ ಮೇಲೆ ಮಾತ್ರ ನನ್ನ ತಗಡು ಮಲಗಿತ್ತು. ತೂತಿಗೆ ನಾನೇ ಬಳಿದ ಡಾಂಬರು ದೂರದಿಂದಲೇ ಕಂಡಿತು. ಗುರುತು ಹಿಡಿದು ಗಂಟಲು ಸರಿಮಾಡಿಕೊಂಡೆ.

ಫಕೀರವ್ವ ಹೊರಗೆ ಬಂದಳು. "ಬರ್ರಿ ಮಾಸ್ತರ, ನಿಮ್ಮ ದಾರೀನ ನೋಡಾಕತ್ತಿದ್ದೆ. ತಗಡ ನಮ್ಮ ಬಾಗಿಲಿಗಿ ಬಂದು ಬಿತ್ರಿ. ಸೊಸಿ ಬಾಣಂತಿ ಅದಾಳ, ಕೂಸಿಗೆ ಇನ್ನೂ ತೊಟ್ಟಲಾ ಹಾಕಿಲ್ಲ. ಅದಕ್ಕ ಮ್ಯಾಲ ಹಾಕೊಂಡ್ವಿ. ಒಯ್ಯೂದಿದ್ರ ಒಯ್ರಿ, ನಿಮ್ದ ಐತಿ."

ನಿಮ್ಮದೇ ಎಂದು ಜಗಳವಿಲ್ಲದೆ ಒಪ್ಪಿಕೊಂಡರೆ ಎಂಥವನಿಗೂ ಕೈಕಾಲು ಆಡುವುದಿಲ್ಲ. ಅವಳು ಇಲ್ಲ ಎಂದಿದ್ದರೆ ಕಾಯ್ದೆ ಕಾನೂನು ಹೇಳಿ ಹೊತ್ತು ತರುತ್ತಿದ್ದೆ. ಒಳಗೆ ಕರೆದು, ಬಾಣಂತಿಯ ಮೂಲೆಗೆ ಕಟ್ಟಿದ ಸೀರೆಯ ಮರೆಯ ಈಚೆ ಚಾಪೆ ಹಾಸಿ ಕೂಡಿಸಿದಳು. ಲೋಬಾನದ ಹೊಗೆ ನನ್ನ ತಗಡಿಗೆ ಮುಟ್ಟಿ ಹಿಂದಕ್ಕೆ ಬರುತ್ತಿತ್ತು. ಮರೆಯ ಆಚೆ ಕೂಸು ಸಣ್ಣಗೆ ಸೀನಿತು. ನನ್ನ ಸೂರಿನ ಕೆಳಗೆ ನಾನೇ ಅತಿಥಿಯಾಗಿ ಕೂತಿದ್ದೆ. ಹೊಸ ಕೂಸು ಇರುವ ಮನೆಯಿಂದ ಹಾಗೇ ಕಳಿಸಬಾರದೆಂದು ಅಂಗೈಗೆ ಸಕ್ಕರೆ ಹಾಕಿದಳು. ತಗಡಿನ ಮಾತು ಎತ್ತಲು ಬಾಯಿ ತೆರೆದವನು ಸಕ್ಕರೆ ತಿಂದು ಬಾಯಿ ಮುಚ್ಚಿದೆ. ಉಳಿದದ್ದನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ಬಂದೆ.

"ತಗಡ ಎಲ್ಲೈತ್ರಿ?" ಎಂದಳು ನಮ್ಮವಳು. ನಾನು ಮುಷ್ಟಿ ಬಿಚ್ಚಿ ತೋರಿಸಿದೆ.

ಅವಳು ಸಕ್ಕರೆಯನ್ನೂ ನನ್ನ ಮುಖವನ್ನೂ ನೋಡಿದಳು. "ನಿಮ್ಮ ಕಡಿಂದ ಆಗೂ ಕೆಲಸಲ್ಲ ಇದು" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಹೊರಟಳು. ನನಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು. ನನ್ನ ಕೈಲಾಗದ್ದನ್ನು ಅವಳು ಮಾಡಿಕೊಂಡು ಬರುತ್ತಾಳೆ. ಪಾಪ ನನ್ನದಲ್ಲ, ಸೂರು ಮಾತ್ರ ನನ್ನದು. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಅವಳು ಹಿಂದಿರುಗಿ ಬಂದು, "ಮೊಳಿ ಡಬ್ಬಿ, ಸುತ್ತಿಗಿ ಎಲ್ಲೆ ಅದಾವ್ರಿ?" ಎಂದಳು. ಸಂತೋಷದಿಂದ ತೆಗೆದುಕೊಟ್ಟು, ನಿಚ್ಚಣಿಕೆ ತರಲು ಶಿವಪ್ಪನ ಮನೆಗೆ ಓಡಿದೆ.

ನಿಚ್ಚಣಿಕೆ ಹೊತ್ತು ತಂದು ಗೋಡೆಗೆ ಆನಿಸಿ ಕಾದೆ. ಬಹಳ ಹೊತ್ತಿನ ಮೇಲೆ ಅವಳು ಬಂದಳು. ಕೈಯಲ್ಲಿ ಸುತ್ತಿಗೆ ಇತ್ತು. ತಗಡು ಇರಲಿಲ್ಲ, ಮೊಳೆಗಳೂ ಇರಲಿಲ್ಲ.

"ಮ್ಯಾಲ ಬರೇ ಕಲ್ಲ ಹೇರಿ ಇಟ್ಟಾರ್ರಿ," ಎಂದಳು, ನನ್ನ ಕಡೆ ನೋಡದೆ. "ಮತ್ತ ಗಾಳಿ ಬಿಟ್ರ ಹಾರಿ ಹೋಗೂದಿಲ್ಲೇನ? ಕೂಸಿನ ಮ್ಯಾಲ ಕಲ್ಲ ಬಿದ್ರ? ನಿಂತು ಮೊಳಿ ಬಡಿಸಿ ಬಂದೇನಿ."

ನಿಚ್ಚಣಿಕೆ ಏನು ಮಾಡಲಿ ಎಂದು ಕೇಳಿದೆ. "ಹುಲ್ಲ ಹಾಕಾಕ ಬೇಕಲ್ರಿ" ಎಂದಳು.

ಈಗ ನಮ್ಮ ಅಡಿಗೆಮನೆಗೂ ಭತ್ತದ ಹುಲ್ಲೇ. ಹೊದಿಸಿದವನು ನಾನಾದ್ದರಿಂದ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಮಳೆಗೆ ಚೆನ್ನಾಗಿ ಗೊತ್ತು. ಬಿರುಗಾಳಿಯ ಮೇಲೆ ಏನು ಮಾಡಬೇಕೆಂದು ನೀವು ಕೇಳಿದರೆ ಇಂದಿಗೂ ನನಗೆ ತಿಳಿಯದು. ರೋಹಿಣಿ ಮಳೆ ಶುರುವಾದ ದಿನ ನಮ್ಮ ಸೂರು ಸದ್ದು ಮಾಡಲಿಲ್ಲ. ಹಿಂದಿನ ಓಣಿಯಿಂದ ಮಾತ್ರ ತಗಡಿನ ಸದ್ದು ದಡದಡನೆ ಕೇಳುತ್ತಿತ್ತು. ನಮ್ಮವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ನಮ್ಮ ತಗಡ ಗಟ್ಟಿ ಐತಿ ನೋಡ್ರಿ" ಎಂದಳು.

"ಹೌದು" ಎಂದೆ, ನೆತ್ತಿಯ ಮೇಲೆ ಬಿದ್ದ ಹನಿಯನ್ನು ಒರೆಸಿಕೊಳ್ಳುತ್ತಾ.